ಶಿಲಾಬಾಲಿಕೆ ಬರೆಯದ ಚರಿತ್ರೆ

ಹುಮನಾಬಾದ್ ತಾಲೂಕಿನ ಜಲಸಂಗಿ ಗುಡಿಯ ಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಶಾಸನ ಬರೆಯುತ್ತ ನಿಂತಿದ್ದಾಳೆ. ಬರೆಯುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ನಮ್ಮ ಸ್ಥಳೀಯ ಇತಿಹಾಸಕಾರರು ಇವತ್ತಿಗೂ ಅದೇ ಭಂಗಿಯಲ್ಲಿ ನಿಂತಿದ್ದಾರೆ.

ಬಸವಕಲ್ಯಾಣವೆಂದರೆ ಅವರಿಗೆ ಚಾಲುಕ್ಯರ ರಾಜಧಾನಿ, ವಿಜ್ಞಾನೇಶ್ವರನ ಮಿತಾಕ್ಷರ, ಬಸವಣ್ಣನವರ ಕಾಲ. ಅಲ್ಲಿಂದ ಒಂದೇ ನೆಗೆತಕ್ಕೆ 1948ರ ಸೆಪ್ಟೆಂಬರ್ 17. ಆ ದಿನವೂ ಧ್ವಜ, ಭಾಷಣ, ಹಾರಗಳಲ್ಲಿ ಮುಗಿಯುತ್ತದೆ. ರಜಾಕಾರರಿಗೆ ಹೆದರಿ ಕೂಸನ್ನೆತ್ತಿಕೊಂಡು ಊರು ಬಿಟ್ಟ ತಾಯಂದಿರಿಗೆ, ಸೈನ್ಯ ಬಂದ ಮೇಲಿನ ದಿನಗಳಲ್ಲಿ ಗಂಡಂದಿರನ್ನು ಕಳೆದುಕೊಂಡ ಮುಸಲ್ಮಾನ ಹೆಂಗಸರಿಗೆ ಎಷ್ಟು ಪುಟ ಕೊಟ್ಟಿದ್ದೇವೆ? ಒಂದೇ ಕಡೆಯ ಕಣ್ಣೀರನ್ನು ಎಣಿಸುವುದು ಇತಿಹಾಸವಲ್ಲ.

"ದಾಖಲೆ ಎಲ್ಲಿದೆ?" ಎನ್ನುತ್ತಾರೆ ವಿದ್ವಾಂಸರು. ಆ ಹಿಂಸೆಯನ್ನು ವಿಚಾರಿಸಿದ ಪಂಡಿತ್ ಸುಂದರಲಾಲ್ ಸಮಿತಿಯ ವರದಿಯೇ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಕಾಗದಕ್ಕೆ ಬೀಗ ಬಿದ್ದ ಕಡೆ ಮುದುಕರ ನೆನಪೇ ದಾಖಲೆ.

ನಮ್ಮ ಓಣಿಯ ಅಜ್ಜಿಯೊಬ್ಬಳನ್ನು ಕೇಳಿದೆ. "ಇಷ್ಟ್ ದಿನ ನಮಗ್ಯಾರ್ ಕೇಳಿದ್ರಪ್ಪಾ?" ಅಂದಳು. ಹೇಳತೊಡಗಿದವಳ ಮಾತು ಸಂಜೆಯಾದರೂ ಮುಗಿಯಲಿಲ್ಲ.

ಅಂದು ಹತ್ತು ವರ್ಷದವರಾಗಿದ್ದವರಿಗೆ ಇಂದು ಎಂಬತ್ತೈದು ದಾಟಿದೆ. ಶಾಸನ ಇನ್ನೂ ಸಾವಿರ ವರ್ಷ ಕಾದೀತು; ಅಜ್ಜಿ ಕಾಯುವುದಿಲ್ಲ.