ಅಜ್ಜಿಯ ಹೆಜ್ಜೆಯ ಕೊಡಚಾದ್ರಿ

ದೀಪಾವಳಿ ಕಳೆದು, ಅಡಿಕೆ ಕೊಯ್ಲು ಇನ್ನೂ ಬಿರುಸಾಗದ ದಿನಗಳಲ್ಲಿ ಮಲೆನಾಡಿನ ಮನೆಗಳಿಗೆ ಒಂದೆರಡು ದಿನದ ಬಿಡುವು ದೊರೆಯುತ್ತದೆ. ಆ ಬಿಡುವಿನಲ್ಲಿ ಕೊಡಚಾದ್ರಿಯನ್ನು ಏರಿ ಬರುವುದು ಹೊಸನಗರ, ಸಾಗರ, ಬೈಂದೂರು ಸೀಮೆಯ ಹಳ್ಳಿಗರಿಗೆ ಹೊಸತೇನಲ್ಲ. 2025ರ ನವೆಂಬರಿನಲ್ಲಿ ಹಾಗೆ ಹತ್ತಿದವರಲ್ಲಿ ಎಪ್ಪತ್ತೆರಡರ ಅಜ್ಜಿಯೊಬ್ಬರೂ ಮೂರನೆಯ ತರಗತಿಯಲ್ಲಿ ಓದುತ್ತಿರುವ ಅವರ ಮೊಮ್ಮಗಳೂ ಇದ್ದರು. ಕಟ್ಟಿನಹೊಳೆಯ ಬಳಿ ಜೀಪುಗಳು ಸಾಲಾಗಿ ನಿಂತಿದ್ದವು. ಹುಡುಗಿಯ ಕಣ್ಣು ಜೀಪಿನ ಮೇಲೆ. ಅಜ್ಜಿ ಸೆರಗು ಬಿಗಿದು ಕಾಲುದಾರಿಗೆ ತಿರುಗಿದರು. "ಜೀಪಲ್ಲಿ ಹೋದ್ರೆ ಸೊಂಟ ಮುರೀತದೆ ಪುಟ್ಟಿ, ನಡೆದ್ರೆ ಬರೀ ಕಾಲು ನೋಯ್ತದೆ" ಎಂಬುದು ಅವರ ಲೆಕ್ಕಾಚಾರ. ಆ ದಾರಿಯಲ್ಲಿ ಜೀಪು ಹತ್ತಿದವರಾರೂ ಈ ಲೆಕ್ಕವನ್ನು ತಪ್ಪೆನ್ನಲಾರರು.

ಮಂಡಿನೋವಿನ ಅಜ್ಜಿ ನೂರು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು. ಎಂಟು ವರ್ಷದ ಮಗುವಿಗೆ ನಿಲ್ಲುವುದೆಂದರೆ ಬೇಸರ. ಬೇಸರ ಕಳೆಯಲು ಅದು ಪ್ರಶ್ನೆ ಕೇಳುತ್ತದೆ. ಹೀಗಾಗಿ ಪ್ರತಿಯೊಂದು ನಿಲುಗಡೆಯೂ ಒಂದೊಂದು ಮರದ ಪಾಠವಾಯಿತು. ಉಪ್ಪಾಗೆಯ ಬುಡದಲ್ಲಿ ನಿಂತಾಗ, ಅದರ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಹುಳಿಗೆ ಇಟ್ಟುಕೊಳ್ಳುತ್ತಿದ್ದುದನ್ನೂ ಬೀಜದಿಂದ ತುಪ್ಪ ತೆಗೆಯುತ್ತಿದ್ದುದನ್ನೂ ಅಜ್ಜಿ ಹೇಳಿದರು. ಅದೇ ಹಣ್ಣಿಗೆ ಸಿಂಗಳೀಕಗಳೂ ಬರುತ್ತವೆ, ಎಲ್ಲವನ್ನೂ ಕೊಯ್ದರೆ ಅವಕ್ಕೇನು ಉಳಿಯುತ್ತದೆಂದು ಕೇಳಿದವಳು ಹುಡುಗಿ. ಬಗಿನೆಯ ಮರದ ಕೆಳಗೆ, ಬರಗಾಲದಲ್ಲಿ ಅದರ ತಿರುಳನ್ನು ಕುಟ್ಟಿ ಹಿಟ್ಟುಮಾಡಿ ಉಂಡವರ ಕಥೆ ಬಂತು. ಮುಂದಿನ ತಿರುವಿನಲ್ಲಿ ತಲೆಯ ಮೇಲೆ ಭರ್ರೆನ್ನುವ ಸದ್ದು ಕೇಳಿದಾಗ ಹುಡುಗಿ ಜೀಪು ಬಂತೆಂದು ದಾರಿಯಂಚಿಗೆ ಸರಿದಳು. ಅಜ್ಜಿ ನಗುತ್ತ ಮೇಲೆ ನೋಡೆಂದರು. ದೊಡ್ಡ ಮಂಗಟ್ಟೆಯೊಂದು ಕಣಿವೆಯ ಆಚೆಗೆ ಹಾರುತ್ತಿತ್ತು. ಅದರ ರೆಕ್ಕೆಯ ಬಡಿತ ಅಷ್ಟು ದೂರಕ್ಕೆ ಕೇಳಿಸುತ್ತದೆಂಬುದನ್ನು ಯಾವ ಪಠ್ಯವೂ ಆ ಮಗುವಿಗೆ ತಿಳಿಸಿರಲಿಲ್ಲ. ತಿಳಿಸಿದ್ದರೂ ಅದು ಪರೀಕ್ಷೆಯ ಉತ್ತರವಾಗಿ ಮುಗಿದುಹೋಗುತ್ತಿತ್ತು.

1995ರಲ್ಲಿ ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ ಒಂದು ಸರಳ ಸಂಗತಿಯತ್ತ ಗಮನ ಸೆಳೆದರು. ಪ್ರತಿಯೊಂದು ತಲೆಮಾರಿನ ವಿಜ್ಞಾನಿಯೂ ತಾನು ಕೆಲಸಕ್ಕೆ ಸೇರಿದಾಗ ಕಡಲಿನಲ್ಲಿದ್ದ ಮೀನಿನ ಪ್ರಮಾಣವನ್ನೇ ಸಹಜವೆಂದು ಭಾವಿಸಿ ಅಲ್ಲಿಂದ ನಷ್ಟವನ್ನು ಎಣಿಸುತ್ತಾನೆ. ಅದಕ್ಕೂ ಮೊದಲು ಕಳೆದುಹೋದದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಈ ಮಾತು ಕಡಲಿಗಿಂತ ಮಲೆನಾಡಿಗೇ ಹೆಚ್ಚು ಒಪ್ಪುತ್ತದೆ. ಇಂದಿನ ಮಗು ಅಕೇಶಿಯಾ ನೆಡುತೋಪನ್ನು ಕಾಡೆಂದು ಕರೆಯುತ್ತದೆ. ಅದು ಹುಟ್ಟುವ ಮೊದಲೇ ಆ ತೋಪು ಅಲ್ಲಿತ್ತು. ಜನವರಿಗೇ ಒಣಗುವ ಹಳ್ಳವನ್ನು ಮಳೆಗಾಲದ ಹಳ್ಳವೆಂದು ತಿಳಿಯುತ್ತದೆ. ಹಳ್ಳ ಯುಗಾದಿಯವರೆಗೂ ಹರಿಯುತ್ತಿತ್ತು, ತೋಟಕ್ಕೆ ಅಬ್ಬಿಯ ನೀರೇ ಸಾಕಾಗುತ್ತಿತ್ತು ಎಂಬುದನ್ನು ಹೇಳಬಲ್ಲವರು ಜಗಲಿಯ ಮೇಲೆ ಕುಳಿತಿದ್ದಾರೆ. ಅವರನ್ನು ಯಾರೂ ಕೇಳುತ್ತಿಲ್ಲ.

ಹಿರಿಯರ ಮಾತೆಲ್ಲವೂ ಪ್ರಮಾಣವೆಂದು ಇದರ ಅರ್ಥವಲ್ಲ. ನೆನಪು ಹಿಂದಿನ ಮಳೆಯನ್ನು ಹೆಚ್ಚಿಸುತ್ತದೆ, ಹಿಂದಿನ ಹಲಸನ್ನು ಸಿಹಿಯಾಗಿಸುತ್ತದೆ. ಆದರೆ ಜಾಗದ ಮುಂದೆ ನಿಂತಾಗ ನೆನಪು ಅಷ್ಟು ಸುಲಭವಾಗಿ ಸುಳ್ಳಾಡುವುದಿಲ್ಲ. ಜಗಲಿಯಲ್ಲಿ "ಆಗ ನೀರು ಬೇಕಾದಷ್ಟಿತ್ತು" ಎನ್ನುವ ಅಜ್ಜಿ, ಹಳ್ಳದ ಬಂಡೆಯೆದುರು ನಿಂತಾಗ "ಇಲ್ಲೀತನಕ ನೀರು ಬರ್ತಿತ್ತು" ಎಂದು ಬೆರಳಿಟ್ಟು ತೋರಿಸುತ್ತಾರೆ. ಆ ಬೆರಳಿನ ಗುರುತನ್ನು ಅಳೆಯಬಹುದು, ಇನ್ನೊಬ್ಬ ಹಿರಿಯರನ್ನು ಕರೆದು ಪರೀಕ್ಷಿಸಬಹುದು. ಕೃಷಿ ಸಂಶೋಧನೆಗೆ ಬೇಕಾದ ಅದೆಷ್ಟೋ ಮಾಹಿತಿ ಈ ಬಗೆಯದು.

ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಂಡಾಗ ಹುಡುಗಿಗೆ ನಿರಾಸೆಯಾಯಿತು. ಮರವಿಲ್ಲದ ಗುಡ್ಡ ಅವಳಿಗೆ ಬೋಳುಗುಡ್ಡ. ಈ ತಪ್ಪನ್ನು ಮಕ್ಕಳಿಗಿಂತ ಮೊದಲು ಸರ್ಕಾರದ ಕಡತಗಳೇ ಮಾಡಿವೆ. ಬಂಜರೆಂದು ಬರೆದು, ಹಸಿರು ಮಾಡುವ ಹೆಸರಿನಲ್ಲಿ ಹುಲ್ಲುಗಾವಲುಗಳಿಗೆ ಪರದೇಶದ ಸಸಿಗಳನ್ನು ತಂದು ನೆಟ್ಟ ಉದಾಹರಣೆಗಳು ಪಶ್ಚಿಮಘಟ್ಟದ ಉದ್ದಕ್ಕೂ ಇವೆ. ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ನೆತ್ತಿಯಲ್ಲಿ ಮಣ್ಣಿನ ಪದರ ತೆಳುವಾದುದು. ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಒತ್ತಾದ ಬೇರುಜಾಲ. ಹೊಡೆಯುವ ಹನಿಯ ವೇಗವನ್ನು ಹುಲ್ಲು ತಗ್ಗಿಸುತ್ತದೆ. ನೀರು ನಿಧಾನವಾಗಿ ಮಣ್ಣಿಗಿಳಿದು ಮಡಿಕೆಗಳಲ್ಲಿರುವ ಶೋಲಾ ಕಾಡಿನತ್ತ ಸರಿಯುತ್ತದೆ. ಅಲ್ಲಿನ ಎಲೆಗೊಬ್ಬರ ಅದನ್ನು ಮತ್ತಷ್ಟು ಕಾಲ ತಡೆದು, ಮಳೆ ನಿಂತ ಎಷ್ಟೋ ದಿನಗಳ ಮೇಲೆ ಹಳ್ಳಕ್ಕೆ ಬಿಟ್ಟುಕೊಡುತ್ತದೆ. ಪಶ್ಚಿಮದ ಹಳ್ಳಗಳು ಸೌಪರ್ಣಿಕೆಯಾಗಿ ಕೊಲ್ಲೂರಿನ ಮೇಲೆ ಹಾದು ಕಡಲಿಗೆ ಹೋಗುತ್ತವೆ. ಪೂರ್ವದವು ಶರಾವತಿಯನ್ನು ಸೇರಿ, ಲಿಂಗನಮಕ್ಕಿಯಲ್ಲಿ ತಂಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅದೇ ಕಡಲನ್ನು ಕಾಣುತ್ತವೆ. ಜೀಪಿನ ಗಾಲಿ ಹುಲ್ಲನ್ನು ಕಿತ್ತ ಕಡೆ ಈ ಕ್ರಮವೆಲ್ಲ ತಲೆಕೆಳಗಾಗುತ್ತದೆ. ಒಂದು ಗಾಲಿಯ ಜಾಡು ಒಂದು ಮಳೆಗಾಲದಲ್ಲಿ ಕಾಲುವೆಯಾಗುತ್ತದೆ, ಎರಡನೆಯದರಲ್ಲಿ ಕೊರಕಲು. ಅಜ್ಜಿ ಮೊಮ್ಮಗಳ ಕೈಹಿಡಿದು ಅಂಥ ಕೊರಕಲೊಂದರೊಳಗೆ ಇಳಿಸಿದಾಗ ಹುಡುಗಿಯ ತಲೆ ಮಾತ್ರ ಹೊರಗೆ ಕಾಣುತ್ತಿತ್ತು.

1343 ಮೀಟರ್ ಎತ್ತರದ ಶಿಖರದಲ್ಲಿ ಸರ್ವಜ್ಞಪೀಠದ ಪುಟ್ಟ ಕಲ್ಲುಗುಡಿಯಿದೆ. ಶಂಕರಾಚಾರ್ಯರ ಹೆಸರಿನೊಡನೆ ಹೆಣೆದುಕೊಂಡಿರುವ ಅಲ್ಲಿಗೆ ಬಂದವರೆಲ್ಲ ಪಡುವಣಕ್ಕೆ ತಿರುಗಿ ಕಡಲನ್ನು ಹುಡುಕುತ್ತಾರೆ. ಅಜ್ಜಿ ಇನ್ನೊಂದು ದಿಕ್ಕಿಗೆ ತಿರುಗಿ ಕುಳಿತರು. ದೂರದಲ್ಲಿ ನೀರು ಮಿನುಗುತ್ತಿತ್ತು.

"ಅಜ್ಜೀ, ಎಷ್ಟು ದೊಡ್ಡ ಕೆರೆ!"

"ಕೆರೆ ಅಲ್ಲ ಮಗಾ, ಅದು ನಮ್ಮ ಗದ್ದೆ."

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರು ಹನ್ನೊಂದರ ಹುಡುಗಿ. ಮುಳುಗಡೆಯೆಂಬ ಒಂದೇ ಪದದಲ್ಲಿ ಮಲೆನಾಡು ಹೇಳಿ ಮುಗಿಸುವ ಆ ಕಥೆಯನ್ನು ಅಜ್ಜಿ ಬಿಡಿಬಿಡಿಯಾಗಿ ಹೇಳಿದರು: ಬಾಗಿಲು ಕಿತ್ತು ಗಾಡಿಗೆ ಹೇರಿದ್ದು, ನಾಯಿ ಹಿಂದಕ್ಕೆ ಓಡಿದ್ದು, ಹೊಸ ಜಾಗದ ಬಾವಿಯಲ್ಲಿ ಎರಡು ವರ್ಷ ಕೆಸರುನೀರೇ ಬಂದದ್ದು. ಆರು ದಶಕ ಸಂದರೂ ಹಲವು ಮುಳುಗಡೆ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಬಗೆಹರಿದಿಲ್ಲ. ಅದೇ ಕಣಿವೆಯಲ್ಲಿ ಈಗ 2000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ವಾದವಿವಾದ ಎದ್ದಿದೆ. ಅದರ ಪರವಾಗಿಯೋ ವಿರುದ್ಧವಾಗಿಯೋ ನಾಳೆ ಮಾತಾಡಬೇಕಾದವಳು ಈ ಹುಡುಗಿ. ಬೆಳಕು ಎಲ್ಲಿಂದ ಬರುತ್ತದೆಂಬುದು ಅವಳಿಗೆ ಪುಸ್ತಕದಲ್ಲಿ ಸಿಗುತ್ತದೆ. ಅದಕ್ಕೆ ಬೆಲೆ ತೆತ್ತವರ ಗದ್ದೆ ಎಲ್ಲಿತ್ತೆಂಬುದು ಬೆಟ್ಟದ ಮೇಲಿನಿಂದ ಮಾತ್ರ ಕಾಣುತ್ತದೆ.

2022ರಲ್ಲಿ ಕೇಂದ್ರ ಸರ್ಕಾರದ ಪರ್ವತಮಾಲಾ ಯೋಜನೆಯಡಿ ಕೊಲ್ಲೂರಿನಿಂದ ಕೊಡಚಾದ್ರಿಗೆ ಸುಮಾರು 7 ಕಿ.ಮೀ. ಉದ್ದದ ರೋಪ್‌ವೇ ಪ್ರಸ್ತಾಪ ಕೇಳಿಬಂತು. ಇಂಥ ಯೋಜನೆಗಳ ಪರವಾಗಿ ಮೊದಲು ಮುಂದೊಡ್ಡುವುದು ವೃದ್ಧರ ಅನುಕೂಲವನ್ನು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ನಡೆಯಲಾಗದ ಹಿರಿಯರ ಭಕ್ತಿಯೂ ಆಸೆಯೂ ನಿಜವಾದುವೇ. ಆದರೆ ವೃದ್ಧರನ್ನು ಮುಂದಿಟ್ಟು ತರುವ ತಂತಿಯಲ್ಲಿ ಮೇಲೇರುವವರು ಯಾರು, ಎಷ್ಟು ಮಂದಿ, ಅವರಿಗೆ ಬೇಕಾದ ನೀರು ಯಾವ ಒರತೆಯದು, ಅವರು ಬಿಟ್ಟುಹೋಗುವ ಕಸವನ್ನು ಇಳಿಸುವವರು ಯಾರು ಎಂಬುದನ್ನು ಮೊದಲು ಹೇಳಬೇಕು. ಮೂಕಾಂಬಿಕಾ ಅಭಯಾರಣ್ಯದ ನೆರೆಯಲ್ಲಿ ಕಂಬ ನೆಡಲು ದಾರಿ ಬೇಕು, ದಾರಿಗೆ ಮಣ್ಣು ಕಡಿಯಬೇಕು. ಇಳಿಜಾರಿನಲ್ಲಿ ಮಣ್ಣು ಕಡಿಯುವುದರ ಫಲವನ್ನು 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಶಿರೂರು ಕಂಡಿವೆ. ಕೊಡಚಾದ್ರಿಯ ನೆತ್ತಿ ಒಂದು ಅಂಗಳದಷ್ಟು ಜಾಗ. ಅಲ್ಲಿಗೆ ಗಂಟೆಗೆ ನೂರಾರು ಜನರನ್ನು ತಂದಿಳಿಸಿದರೆ ಅಜ್ಜಿಗೆ ಕುಳಿತು ಗದ್ದೆ ತೋರಿಸಲು ಸ್ಥಳವೇ ಉಳಿಯದು.

ಹಿರಿಯರ ಅನುಕೂಲವೇ ಉದ್ದೇಶವಾದರೆ ಮಾಡಬಹುದಾದ ಕೆಲಸಗಳಿವೆ, ಅವುಗಳ ಖರ್ಚೂ ಸಣ್ಣದು. ಹಳೆಯ ಕಾಲುದಾರಿಗಳನ್ನು ಪ್ರತಿವರ್ಷ ಮಳೆಗಾಲದ ಬಳಿಕ ಸವರಿ, ಕುಸಿದ ಕಡೆ ಸ್ಥಳದ ಕಲ್ಲಿನಿಂದಲೇ ಮೆಟ್ಟಿಲು ಕಟ್ಟಬೇಕು. ಕೂರಲು ಅಲ್ಲಲ್ಲಿ ಕಟ್ಟೆ ಬೇಕು. ಒರತೆಗಳನ್ನು ಕಸದಿಂದ ಕಾಯಬೇಕು. ಜೊತೆಗೆ ನಡೆದು ದಾರಿ ತೋರುವ ಕೆಲಸ ಊರಿನ ಯುವಕರಿಗೆ ಸಿಗಬೇಕು. ಜೀಪು ನಡೆಸಿ ಜೀವಿಸುವವರ ಹೊಟ್ಟೆಪಾಡನ್ನು ಮರೆತು ಜೀಪು ನಿಲ್ಲಿಸಿರೆನ್ನುವುದು ಸುಲಭದ ಪರಿಸರವಾದವಷ್ಟೆ. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನಜಂಗುಳಿ ಕಟ್ಟಿ ನಿಂತ ಮೇಲೆ ಅರಣ್ಯ ಇಲಾಖೆಯು ಚಾರಣಕ್ಕೆ ಆನ್‌ಲೈನ್ ಮುಂಗಡ ನೋಂದಣಿಯನ್ನು ತಂದಿತು. ಜನಸಂಖ್ಯೆಗೆ ಮಿತಿ ಹಾಕಿದ್ದು ಸರಿಯೇ. ಆದರೆ ಬೆಟ್ಟದ ಬುಡದ ಹಳ್ಳಿಯ ಅಜ್ಜಿಗೆ ತನ್ನ ಬೆಟ್ಟವನ್ನು ಏರಲು ಮೊಬೈಲಿನ ಅನುಮತಿ ಬೇಕಾಗುವಂತಾದರೆ ಮಿತಿ ಬಿದ್ದದ್ದು ತಪ್ಪು ಜಾಗಕ್ಕೆ. ಸುತ್ತಲ ಪಂಚಾಯಿತಿಗಳ ಹಿರಿಯರಿಗೂ ಅವರೊಡನೆ ಬರುವ ಮಕ್ಕಳಿಗೂ ಚೀಟಿಯಿಲ್ಲದೆ ಹೋಗಿಬರುವ ಅವಕಾಶವನ್ನು ಗ್ರಾಮಸಭೆಗಳು ಕೇಳಿ ಪಡೆಯಬೇಕು.

ಮಕ್ಕಳನ್ನು ಕರೆದೊಯ್ಯುವವರು ಕಾಲವನ್ನು ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಇಂಬಳದ ಕಾಟ, ಅದಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಇವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣುಗಿನ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗುಗಳೇ. ಮಂಗ ಸತ್ತ ಸುದ್ದಿಯಿರುವ ಕಡೆಗೆ ಮಕ್ಕಳನ್ನು ಒಯ್ಯಬಾರದು. ಮೈಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಹಚ್ಚಿಕೊಂಡು ಹೋಗಬೇಕು. ಮರಳಿ ಬಂದಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ದೀಪಾವಳಿಯ ಆಸುಪಾಸಿನ ವಾರಗಳು ಎಲ್ಲ ರೀತಿಯಿಂದಲೂ ಒಳ್ಳೆಯವು.

ಇನ್ನೊಂದು ಕೆಲಸ ಶಾಲೆಗಳದು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ದಾಖಲಾತಿಗಳು ಮುಗಿಯಬೇಕೆಂದು ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ಎಷ್ಟೋ ಪುಸ್ತಕಗಳು ಅವಸರದಲ್ಲಿ ತುಂಬಿಕೊಂಡವು. ಅವನ್ನು ಮತ್ತೆ ತೆರೆಯಲು ಕಾಯಿದೆಯ ಅಡ್ಡಿಯೇನೂ ಇಲ್ಲ. ಮಕ್ಕಳು ಅಜ್ಜ ಅಜ್ಜಿಯರೊಡನೆ ಹತ್ತಿ ಬಂದು ಬರೆದದ್ದನ್ನು ಶಿಕ್ಷಕರು ಓದಿ, ಸಮಿತಿಯ ಮುಂದಿಟ್ಟು, ತಿಳಿದವರಿಂದ ತಿದ್ದಿಸಿ ಸೇರಿಸಬಹುದು. ಹೆಸರು ತಪ್ಪಿರಬಹುದು, ಕಾಗುಣಿತ ಖಂಡಿತ ತಪ್ಪಿರುತ್ತದೆ.

ಅಜ್ಜಿ ಮೊಮ್ಮಗಳು ಕತ್ತಲಾಗುವ ಮೊದಲೇ ಇಳಿದರು. ಇಳಿಯುವುದು ಮಂಡಿಗೆ ಏರುವುದಕ್ಕಿಂತ ಕಷ್ಟವೆಂದು ಅಜ್ಜಿ ಎರಡು ದಿನ ಎಣ್ಣೆ ತಿಕ್ಕಿಸಿಕೊಂಡರಂತೆ. ಹುಡುಗಿ ಆ ರಾತ್ರಿ ತನ್ನ ಪಟ್ಟಿಪುಸ್ತಕದಲ್ಲಿ ಗಿಡಮರ, ಹಕ್ಕಿಗಳ ಹತ್ತೊಂಬತ್ತು ಹೆಸರು ಬರೆದಳು. ಇಪ್ಪತ್ತನೆಯ ಸಾಲಿನಲ್ಲಿ ಸಂಖ್ಯೆ ಮಾತ್ರ ಇದೆ. ಅದು ಒರತೆಯ ಬಳಿ ಬೆಳೆದಿದ್ದ ಒಂದು ಸಣ್ಣ ಗಿಡದ್ದು. ಕೂಸುಗಳ ಕೆಮ್ಮಿಗೆ ಅದರ ಎಲೆಯ ರಸ ಕೊಡುತ್ತಿದ್ದರೆಂದು ಅಜ್ಜಿಗೆ ನೆನಪಿತ್ತು. ಹೆಸರು ಅವರ ತಾಯಿಗೆ ಗೊತ್ತಿತ್ತು.