ಎರಡು ಲಿಪಿಗೆ ಒಂದೇ ಕೀಲಿಮಣೆ

ಗಡಿಯಾಚೆಯ ಕನ್ನಡ ಶಾಲೆಗೆ ಕಂಪ್ಯೂಟರ್ ಕೊಡಿ ಅಂತ ಕೇಳುವವರು ಬಹಳ ಮಂದಿ. ಕೊಟ್ಟ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತದೋ ಇಲ್ಲವೋ ಅಂತ ಕೇಳುವವರು ಕಡಿಮೆ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕಡೆಯವರಾದ ನಮಗೆ ಇನ್ನೂ ಒಂದು ಪ್ರಶ್ನೆ ಐತೆ. ಕನ್ನಡದ ಜೊತೆ ತೆಲುಗೂ ಬರುತ್ತದೆಯೆ? ಮನೆಯೊಳಗೆ ಕನ್ನಡ, ಮಂಡಲ ಕಚೇರಿಗೆ ಹೋದರೆ ತೆಲುಗು. ಮದುವೆ ಕರೆಯೋಲೆ ಕನ್ನಡ, ಜಮೀನಿನ ಪಾಸ್‌ಬುಕ್ಕು ತೆಲುಗು. ಹಿಂಗಿರುವಾಗ ಬೆಂಗಳೂರಿನವರಿಗೆ ಹೊಂದುವ ಕಂಪ್ಯೂಟರು ನಮಗೆ ಪೂರಾ ಹೊಂದುವುದಿಲ್ಲ, ಹೈದರಾಬಾದಿನವರದೂ ಅಷ್ಟೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಗಡಿನಾಡಿನ ಶಾಲೆ, ವಾಚನಾಲಯ, ಬರೆಯುವವರ ಮನೆ, ಎಲ್ಲ ಕಡೆಗೂ ಲಿನಕ್ಸ್ ಹಾಕಬೇಕು. ಅದರಲ್ಲಿ ಮಕ್ಕಳಿಗೆ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ಕಲಿಸಬೇಕು.

ಇದಕ್ಕೆ ಈಗ ಕಾಲವೂ ಕೂಡಿ ಬಂದೈತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲು ತಿದ್ದುಪಡಿಗಳು ನಿಂತವು. ಅದರ ಮುಂದಿನ 11 ಬಹಳಷ್ಟು ಹಳೇ ಯಂತ್ರಗಳ ಮೇಲೆ ಸರಿಯಾಗಿ ಕೂರೋದಿಲ್ಲ. ಹಂಗಂತ ಅವನ್ನು ಗುಜರಿಗೆ ಹಾಕಬೇಕಾಗಿಲ್ಲ. 4 ಜಿಬಿ ಮೆಮೊರಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಆರಾಮಾಗಿ ಓಡುತ್ತೆ. ಕಾಸು ಖರ್ಚಿಲ್ಲ. 8 ಜಿಬಿ ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಡಿಸ್ಕು ಮುಟ್ಟದೆ ಒಂದು ದಿನ ನೋಡಬಹುದು. ಒಪ್ಪಿಗೆಯಾದರೆ ಕಡತಗಳ ನಕಲು ಬೇರೆ ಕಡೆ ಇಟ್ಟುಕೊಂಡು ಆಮೇಲೆ ಹಾಕಿಕೊಳ್ಳೋದು. ವೈಫೈ ಹಿಡಿಯದಿದ್ದರೆ ಗಾಬರಿ ಬೇಡ. ಮೊಬೈಲನ್ನು ವೈರಿನಿಂದ ಜೋಡಿಸಿ, ಅದರ ಇಂಟರ್‌ನೆಟ್ ಹಂಚಿ, ಡ್ರೈವರ್ ಇಳಿಸಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತೆ.

ಇನ್ನು ಕೀಲಿಮಣೆಯ ಮಾತು. ಇನ್‌ಸ್ಕ್ರಿಪ್ಟ್ ಅಂಬೋದು 1991ರ ಭಾರತೀಯ ಮಾನಕದಲ್ಲಿ ಸೇರಿರುವ ವಿನ್ಯಾಸ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಅದರ ಸೊಗಸು ನಮ್ಮಂಥ ಎರಡು ಭಾಷೆಯವರಿಗೇ ಗೊತ್ತಾಗಬೇಕು. ಅಕ್ಕ ಎಂಬ ಮಾತು ಕನ್ನಡಕ್ಕೂ ತೆಲುಗಿಗೂ ಒಂದೇ. ಶಿಫ್ಟ್ ಹಿಡಿದು ಡಿ ಒತ್ತಿದರೆ ಅ, ಕೆ ಒತ್ತಿದರೆ ಕ, ಬರೀ ಡಿ ಒತ್ತಿದರೆ ಅರ್ಧಾಕ್ಷರದ ಕೊಂಬು, ಮತ್ತೆ ಕೆ. ಕನ್ನಡದ ಅಕ್ಕ ಬಂದಳು. ತೆಲುಗಿಗೆ ಹೊರಳಿಸಿಕೊಂಡು ಅದೇ ನಾಲ್ಕು ಒತ್ತು ಒತ್ತಿ, ತೆಲುಗಿನ ಅಕ್ಕ ಬರುತ್ತಾಳೆ. ಬೆರಳು ಒಂದೇ, ಲಿಪಿ ಎರಡು. ಒಳಗಿನ ಲೆಕ್ಕವೂ ಹಂಗೇ ಐತೆ. ಯುನಿಕೋಡ್‌ನಲ್ಲಿ ತೆಲುಗಿನ ಕ ಅಕ್ಷರದ ಸಂಖ್ಯೆ 3093, ಕನ್ನಡದ ಕ 3221. ನಡುವೆ 128 ಮನೆ. ಗ, ಮ, ರ ಯಾವುದನ್ನೇ ನೋಡಿ, ಅದೇ 128. ಎದುರು ಬದುರು ಮನೆ ಕಟ್ಟಿಕೊಂಡ ಅಣ್ಣತಮ್ಮಂದಿರ ಹಂಗೆ.

ಪಂಪನ ತಮ್ಮ ಜಿನವಲ್ಲಭ 10ನೇ ಶತಮಾನದಲ್ಲಿ, ಈಗಿನ ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಬಂಡೆ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರನ್ನೂ ಕೆತ್ತಿಸಿದ. ಅವನ ಕಾಲಕ್ಕೆ ನಮ್ಮೆರಡು ಭಾಷೆಗೂ ಲಿಪಿ ಒಂದೇ ಇತ್ತು, ಹೊರಳಿಸುವ ತಾಪತ್ರಯ ಇರಲಿಲ್ಲ. ನಮಗೆ ಅಷ್ಟು ಸುಖ ಇಲ್ಲ, ಆದರೂ ಒಂದು ಗುಂಡಿ ಒತ್ತಿದರೆ ಸಾಕು.

ಜೋಡಿಸುವುದು ಹಿಂಗೆ. ಉಬುಂಟು ಆದರೆ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆಗೆದು, ಇನ್‌ಪುಟ್ ಸೋರ್ಸಸ್‌ಗೆ ಕನ್ನಡ, ತೆಲುಗು ಎರಡನ್ನೂ ಸೇರಿಸೋದು. ಸೂಪರ್ ಗುಂಡಿ, ಅಂದರೆ ವಿಂಡೋಸ್ ಚಿತ್ರ ಇರುವ ಗುಂಡಿ, ಅದನ್ನು ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಹೊರಳುತ್ತೆ. ಎಕ್ಸ್‌ಎಫ್‌ಸಿಇಯಲ್ಲಿ ಕೀಬೋರ್ಡಿನ ಲೇಔಟ್ ಪುಟಕ್ಕೆ ಹೋಗಿ, ಸಿಸ್ಟಂ ಡೀಫಾಲ್ಟ್ ಬಳಸು ಎಂಬುದನ್ನು ಮೊದಲು ತೆಗೆಯಬೇಕು. ಅಲ್ಲಿಯವರೆಗೆ ಸೇರಿಸುವ ಗುಂಡಿ ಕೈಗೆ ಸಿಕ್ಕೋದಿಲ್ಲ. ಪಟ್ಟಿಯಲ್ಲಿ ಇಂಗ್ಲಿಷನ್ನು ಮೇಲಿಡಿ. ಕನ್ನಡ ಮೇಲಿದ್ದರೆ ಒಳಬರುವಾಗ ಪಾಸ್‌ವರ್ಡ್ ಕನ್ನಡದಲ್ಲಿ ಬಿದ್ದು ಯಂತ್ರ ಬಾಗಿಲು ತೆಗೆಯಲ್ಲ. ಮೇಷ್ಟ್ರುಗಳು ಕಂಪ್ಯೂಟರ್ ಕೆಟ್ಟಿತು ಅಂತ ಹೊದಿಕೆ ಹೊದಿಸಿ ಇಡೋದು ಇಂಥದ್ದಕ್ಕೇ.

ಇಂಗ್ಲಿಷ್ ಉಚ್ಚಾರಣೆಯಲ್ಲಿ ಒತ್ತುವ ಅಭ್ಯಾಸದವರು ಐಬಸ್ ಎಂ17ಎನ್ ಎಂಬ ಪೊಟ್ಟಣ ಹಾಕಿಕೊಳ್ಳಬೇಕು. ಹಾಕಿದ ಮೇಲೂ ಪಟ್ಟಿಯಲ್ಲಿ ಕಾಣದಿದ್ದರೆ ಒಂದು ಸಲ ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಅಕ್ಷರದ ಜಾಗದಲ್ಲಿ ಬರೀ ಚೌಕ ಕಂಡರೆ ಫಾಂಟ್ ಇಲ್ಲ ಅಂತ ಅರ್ಥ, ಕಡತ ಕೆಟ್ಟಿಲ್ಲ. ತೆಲುಗಿನ ಹೆಚ್ಚುವರಿ ಫಾಂಟುಗಳಲ್ಲಿ ಪೋತನ, ವೇಮನ ಐತೆ. ಕನ್ನಡದ ಕಡೆ ಗುಬ್ಬಿ, ನವಿಲು. ಅವರು ಕವಿಗಳನ್ನು ಕೂರಿಸಿದರು, ನಾವು ಹಕ್ಕಿಗಳನ್ನು. ಎರಡೂ ಚೆಂದವೇ.

ಕರ್ನಾಟಕದಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸ ಇರುವಾಗ ಇನ್‌ಸ್ಕ್ರಿಪ್ಟ್ ಯಾಕೆ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ವಿನ್ಯಾಸ ಜಾಣ ವಿನ್ಯಾಸ, ಲಿನಕ್ಸ್‌ನಲ್ಲೂ ಸಿಗುತ್ತೆ, ತೆಲುಗಿಗೂ ಅಳವಡಿಸಿದ್ದಾರೆ. ಅದರಲ್ಲಿ ಪಳಗಿದವರು ಬಿಡಬೇಕಾಗಿಲ್ಲ. ಆದರೆ ಅದು ನಡೆಯೋದು ಇಂಗ್ಲಿಷ್ ಅಕ್ಷರದ ಬೆನ್ನ ಮೇಲೆ, ಕ ಬೇಕಾದರೆ ಕೆ. ಕನ್ನಡ ಶಾಲೆಯ ಮಗು ಕನ್ನಡ ಬರೆಯಲು ಇಂಗ್ಲಿಷ್ ದಾರಿಯಲ್ಲೇ ಬರಬೇಕೆ? ಅಲ್ಲದೆ ನಾಳೆ ಅದೇ ಹುಡುಗಿ ಅನಂತಪುರದಲ್ಲೋ ಹಿಂದೂಪುರದಲ್ಲೋ ತೆಲುಗು ಟೈಪಿಂಗ್ ಕೆಲಸಕ್ಕೆ ನಿಂತರೆ ಇನ್‌ಸ್ಕ್ರಿಪ್ಟ್ ಅನ್ನ ಹಾಕುತ್ತೆ. ಮೊಬೈಲಿಗೆ ಮಾತಾಡಿದರೆ ಅದೇ ಬರೆಯುತ್ತಲ್ಲ ಅನ್ನುವವರಿಗೆ ಒಂದೇ ಉತ್ತರ. ನಮ್ಮೂರ ಕನ್ನಡದಲ್ಲಿ ಮಾತಾಡಿ ನೋಡಿ.

ಕಾಸರಗೋಡಿನವರು ಈ ವಿಚಾರದಲ್ಲಿ ನಮಗಿಂತ ಮುಂದೆ. ಕೇರಳ ಸರ್ಕಾರ 2000ದ ದಶಕದಲ್ಲೇ ಶಾಲೆಗಳನ್ನು ಲಿನಕ್ಸಿಗೆ ತಿರುಗಿಸಿತು. ಐಟಿ ಅಟ್ ಸ್ಕೂಲ್ ಎಂಬ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧಾರದ ಮೇಲೆ ಅವರದ್ದೇ ಲಿನಕ್ಸ್ ಐತೆ, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಆಂಧ್ರದ ಕಡೆ ಅಂಥ ಏರ್ಪಾಟು ಕನ್ನಡ ಶಾಲೆಗಳಿಗೆ ತಾನಾಗಿ ಬರುತ್ತೆ ಅಂತ ಕಾಯುವುದು ಬೇಡ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರು ಹೊರನಾಡ ಶಾಲೆಗೆ ಯಂತ್ರಕ್ಕೆಂದು ಅನುದಾನ ಕೊಡುವಾಗ, ಕನ್ನಡ ತೆಲುಗು ಎರಡೂ ಜೋಡಿಸಿದ ಲಿನಕ್ಸ್ ಇರಬೇಕು ಅಂತ ಒಂದು ಸಾಲು ಸೇರಿಸಿದರೆ ಸಾಕು.

ಇದರಲ್ಲಿ ಅವಸರದ ಕೆಲಸ ಒಂದೈತೆ. ನನ್ನ ಒಂದು ಸಂಕಲನ ಹಿಂದೆ ಒಂದು ಡಿಟಿಪಿ ಅಂಗಡಿಯಲ್ಲಿ ಹಳೇ ಸಂಕೇತದಲ್ಲಿ ಕಂಪೋಸ್ ಆಗಿತ್ತು. ಎರಡನೇ ಮುದ್ರಣಕ್ಕೆ ಕೇಳಿದರೆ ಸಿಡಿ ಕೊಟ್ಟು ಕೈ ತೊಳೆದುಕೊಂಡರು. ಬೇರೆ ಯಂತ್ರದಲ್ಲಿ ತೆಗೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಗೀಚು. ಯಾಕಂದ್ರೆ ಆ ಪದ್ಧತಿಯಲ್ಲಿ ಒಳಗಿರೋದು ಇಂಗ್ಲಿಷ್ ಸಂಕೇತವೇ, ಕನ್ನಡ ಮೇಲಿನ ವೇಷ. ಬಯಲಾಟದವರು ಕಿರೀಟ ಕಳಚಿಟ್ಟ ಹಾಗೆ, ಫಾಂಟ್ ಹೋದರೆ ಕನ್ನಡ ಹೋಯಿತು. ಈಗಿನ ನುಡಿ ತಂತ್ರಾಂಶದಲ್ಲಿ ಯುನಿಕೋಡ್ ಐತೆ, ನನ್ನ ತಕರಾರು ಹಳೇ ಕಡತಗಳದ್ದು ಮಾತ್ರ. ನಮ್ಮ ಗಡಿಯ ಕವಿಗೋಷ್ಠಿಗಳ ಸಂಚಿಕೆ, ಜಾನಪದ ಸಂಗ್ರಹ, ಕರಪತ್ರ ಎಷ್ಟೋ ಹಿಂಗೆ ಸಿಡಿಗಳಲ್ಲಿ ಕೂತಾವೆ.

ಇವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ತಿರುಗಿಸಿದ್ದನ್ನು ಲಿಬ್ರೆಆಫೀಸ್‌ನಲ್ಲಿ ತೆಗೆದು ಅರ್ಕಾವತ್ತುಗಳನ್ನು ಹುಡುಕಿ ನೋಡಬೇಕು. ಧರ್ಮ ಎಂಬುದನ್ನು ಹಳೇ ಪದ್ಧತಿ ಕಣ್ಣಿಗೆ ಕಂಡ ಹಂಗೆ ಇಡುತ್ತೆ, ಧ, ಮ, ಆಮೇಲೆ ಅರ್ಕಾವತ್ತು. ಯುನಿಕೋಡ್ ಬಾಯಲ್ಲಿ ನುಡಿದ ಹಂಗೆ ಇಡುತ್ತೆ, ಧ, ರ್, ಮ. ಅದಲು ಬದಲಾಗುವ ಈ ಜಾಗದಲ್ಲೇ ತಪ್ಪು ನುಸುಳೋದು. ಆದ್ದರಿಂದ ಒಬ್ಬರು ಅಚ್ಚಾದ ಪುಸ್ತಕ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು. ಬೇಸಗೆಯಲ್ಲಿ ಕೂತರೆ ಆಗುವ ಕೆಲಸ. ಮಳೆ ಬಿದ್ದು ಕಡಲೆಕಾಯಿ ಬಿತ್ತನೆ ಶುರುವಾದರೆ ಇಲ್ಲಿ ಯಾರಿಗೂ ಕೈ ಬಿಡುವಿರೋದಿಲ್ಲ.