ಹಗಲಲ್ಲಿ ಉರಿಯುವ ದೀಪ



ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರ ಪ್ರಸಂಗ ನಮಗೆಲ್ಲ ಗೊತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ತಾಯಿ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದದ್ದನ್ನು ಇದ್ದ ಜಾಗಕ್ಕೇ ಸುರಿದು ಬನ್ನಿ ಎಂದರು. ಆ ಅಕ್ಕಿಗೆ ಹೊರಗಿನವರಾರೂ ಲೆಕ್ಕ ಕೇಳಿರಲಿಲ್ಲ. ಕೇಳಿದ್ದು ಮನೆಯೊಳಗಿನ ಅರಿವು. ಸರ್ಕಾರದ ಅನುದಾನದ ಮಾತು ಬಂದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಇತ್ತೀಚೆಗೆ ಮಧುಗಿರಿ ಕಡೆಯ ಒಂದು ಹಳ್ಳಿಗೆ ಶರಣ ಸಂಗಮಕ್ಕೆಂದು ಹೋಗಿದ್ದೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ಬೀದಿಯುದ್ದಕ್ಕೂ ದೀಪಗಳು ಉರಿಯುತ್ತಿದ್ದವು. ಕೇಳಿದರೆ, ‘ಸ್ವಿಚ್ಚೇ ಇಲ್ಲ ಸಾರ್, ನೇರ ಲೈನಿಗೆ ಕೊಟ್ಟುಬಿಟ್ಟಿದ್ದಾರೆ’ ಎಂದರು. ಅದೇ ಊರಿನ ಯುವಕರು ಎಲ್‌ಇಡಿ ದೀಪಗಳಿಗೆ ಅನುದಾನ ಕೇಳುವ ಮನವಿಯನ್ನು ನನ್ನ ಕೈಗಿತ್ತು, ತಿದ್ದಿಕೊಡಿ ಎಂದರು. ಅವರ ಉತ್ಸಾಹ ಮೆಚ್ಚಬೇಕಾದದ್ದು. ಆದರೆ ಲೆಕ್ಕ ಹಾಕಿದಾಗ ಬೇರೊಂದು ಸಂಗತಿ ಕಂಡಿತು.

ಹಳೆಯ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 55 ವ್ಯಾಟ್ ಎಳೆಯುತ್ತದೆ. ಅಂಥ 100 ದೀಪಗಳು ಹಗಲಿನ 13 ಗಂಟೆ ಸುಮ್ಮನೆ ಉರಿದರೆ ವರ್ಷಕ್ಕೆ 26,000 ಯೂನಿಟ್ ಪೋಲು. ಯೂನಿಟ್ಟಿಗೆ ಏಳು ರೂಪಾಯಿ ಎಂದಿಟ್ಟುಕೊಂಡರೂ ₹1.8 ಲಕ್ಷ. ಇದನ್ನು ತಡೆಯಲು ಬೇಕಾದದ್ದು ಬೀದಿದೀಪಕ್ಕೆ ಪ್ರತ್ಯೇಕ ತಂತಿ, ಒಂದು ಟೈಮರ್ ಸ್ವಿಚ್, ಒಂದು ಮೀಟರು. ಅದಾದ ಮೇಲೆ 20 ವ್ಯಾಟಿನ ಎಲ್‌ಇಡಿ ಹಾಕಿದರೆ ರಾತ್ರಿಯ ಬಳಕೆಯಲ್ಲಿ ಇನ್ನೂ 14,000 ಯೂನಿಟ್ ಉಳಿತಾಯ. ಎರಡೂ ಬೇಕು, ಆದರೆ ಮೊದಲು ಸ್ವಿಚ್ಚು, ಆಮೇಲೆ ದೀಪ. ಸ್ವಿಚ್ಚಿಲ್ಲದೆ ಎಲ್‌ಇಡಿ ಹಾಕಿದರೆ ಹೊಸ ದೀಪವೂ ಹಗಲಲ್ಲೇ ಉರಿಯುತ್ತದೆ, ಬೇಗನೆ ಸಾಯುತ್ತದೆ.

ನೀರಿನ ಕಥೆಯೂ ಇದೇ. ಶಿರಾ, ಪಾವಗಡದ ಕೊಳವೆಬಾವಿಗಳ ಆಳ ನಮಗೆ ತಿಳಿದದ್ದೇ. 200 ಮೀಟರ್ ಆಳದಿಂದ ಸಾವಿರ ಲೀಟರ್ ನೀರೆತ್ತಲು, ನಷ್ಟವೇ ಇಲ್ಲದಿದ್ದರೆ, ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ ಸಾಕು. ಒಳ್ಳೆಯ ಪಂಪು ಅದನ್ನು ಒಂದೂಕಾಲು ಯೂನಿಟ್ಟಿನಲ್ಲಿ ಮಾಡುತ್ತದೆ. ಮತ್ತೆ ಮತ್ತೆ ರೀವೈಂಡ್ ಮಾಡಿಸಿದ, ಆಳಕ್ಕೆ ಹೊಂದದ ಪಂಪಿಗೆ ಎರಡು ಯೂನಿಟ್ ಮೀರುತ್ತದೆ. ಹೀಗೆ ಎತ್ತಿದ ನೀರು ಒಡೆದ ಪೈಪಿನಲ್ಲಿ ಸೋರಿದರೆ ನೀರಿನ ಜೊತೆ ವಿದ್ಯುತ್ತೂ ಚರಂಡಿಗೆ ಹರಿಯುತ್ತದೆ.

ಸೇವೆಯಲ್ಲಿದ್ದಾಗ ನಾನೂ ಇಂಥ ತಪ್ಪು ಮಾಡಿದ್ದೇನೆ. ಒಂದು ಮಾರ್ಚ್ ತಿಂಗಳ ಕೊನೆಯ ವಾರ, ಹಣ ವಾಪಸು ಹೋಗುತ್ತದೆಂಬ ಅವಸರದಲ್ಲಿ, ಕುಡಿಯುವ ನೀರಿನ ಪಂಪೊಂದಕ್ಕೆ ಅಂದಾಜುಪಟ್ಟಿ ಬರೆದೆ. ಬಾವಿಯ ನೀರಿನ ಮಟ್ಟ, ಇಳುವರಿ ಅಳೆಯಲು ಒಂದು ದಿನ ಬೇಕಿತ್ತು. ಅಳೆಯಲಿಲ್ಲ. ‘ದೊಡ್ಡದೇ ಇರಲಿ’ ಎಂದು ಹತ್ತು ಎಚ್.ಪಿ. ಬದಲು ಹದಿನೈದು ಬರೆದೆ. ಬಾವಿ ಕೊಡುವುದಕ್ಕಿಂತ ಹೆಚ್ಚು ಎಳೆದ ಆ ಪಂಪು ನೀರಿಲ್ಲದೆ ಓಡಿ ಸುಟ್ಟುಹೋಯಿತು. ಬೇಸಿಗೆಯಲ್ಲಿ ಆ ಊರಿನ ಹೆಣ್ಣುಮಕ್ಕಳು ಕೊಡ ಹೊತ್ತು ತೋಟದ ಬಾವಿಗಳಿಗೆ ಅಲೆದರು. ನನ್ನ ಕಡತದಲ್ಲಿ ಮಾತ್ರ ಎಲ್ಲವೂ ಸರಿಯಿತ್ತು. ಬಳಕೆ ಪ್ರಮಾಣಪತ್ರಕ್ಕೆ ಸಹಿಯೂ ಬಿದ್ದಿತ್ತು. ಕಡತ ಸರಿಯಿದ್ದ ಮಾತ್ರಕ್ಕೆ ಕಾಯಕ ಸರಿಯಾಗುವುದಿಲ್ಲ ಎಂದು ನಾನು ಕಲಿತದ್ದು ಆ ಬೇಸಿಗೆಯಲ್ಲಿ.

ಹಣಕ್ಕೆ ದಾರಿಗಳಿಲ್ಲವೆಂದಲ್ಲ. 15ನೇ ಹಣಕಾಸು ಆಯೋಗವು ಪಂಚಾಯಿತಿ ಅನುದಾನದ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತು, ಉಳಿದ ಶೇ. 40ನ್ನು, ಸಂಬಳ ಸಾರಿಗೆ ಬಿಟ್ಟು, ಊರಿನ ಅಗತ್ಯಕ್ಕೆ ಬಳಸಲು ಬಿಟ್ಟಿತು. ಗ್ರಾಮ ವಿದ್ಯುದೀಕರಣ ಮತ್ತು ಅಸಾಂಪ್ರದಾಯಿಕ ಇಂಧನ ಸಂವಿಧಾನದ 11ನೇ ಅನುಸೂಚಿಯಲ್ಲೇ ಪಂಚಾಯಿತಿಯ ವಿಷಯಗಳಾಗಿವೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಚಾವಣಿ ಘಟಕಕ್ಕೆ ಮನೆಯವರಿಗೆ ₹78,000 ಸಹಾಯಧನವಿದೆ; ಹಾಗೆ ಅಳವಡಿಸಿದ ಪ್ರತಿ ಮನೆಗೆ ಸ್ಥಳೀಯ ಸಂಸ್ಥೆಗೆ ₹1,000 ಪ್ರೋತ್ಸಾಹಧನವಿದೆ. 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಗ್ರಾಮಗಳು ಸ್ಪರ್ಧಿಸಿ ಗೆದ್ದರೆ ಜಿಲ್ಲೆಗೊಂದು ‘ಮಾದರಿ ಸೌರ ಗ್ರಾಮ’ಕ್ಕೆ ₹1 ಕೋಟಿ ಸಿಗುತ್ತದೆ.

ಸೂರ್ಯನ ಬೆಳಕಿನ ಬೆಲೆ ನಮಗೆ ಹೊಸದಲ್ಲ. ಪಾವಗಡದ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ನಿಂತಿದೆ. ರೈತರು ಭೂಮಿ ಮಾರದೆ, ಎಕರೆಗೆ ವರ್ಷಕ್ಕೆ ₹21,000 ದರದಿಂದ ಆರಂಭವಾದ ಗುತ್ತಿಗೆಗೆ ಕೊಟ್ಟಿದ್ದಾರೆ. ನಾಡಿಗೆ ಇಷ್ಟು ಬೆಳಕು ಕೊಡುವ ಸೀಮೆಯಲ್ಲಿ ಬೀದಿದೀಪ ಹಗಲೆಲ್ಲ ಉರಿದರೆ, ಪಂಚಾಯಿತಿಯ ಕರೆಂಟು ಬಿಲ್ಲು ಬಾಕಿ ಬೆಳೆದರೆ, ಅದು ಬಡತನದಿಂದ ಆದದ್ದಲ್ಲ. ನಾವು ಕಣ್ಣುಬಿಟ್ಟು ನೋಡದಿರುವುದರಿಂದ ಆದದ್ದು.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಅರ್ಜಿಗೆ ಮುಂಚೆ ಒಂದು ತಿಂಗಳು ಅಳೆಯಿರಿ. ಪ್ರತಿ ಕಂಬ ಎಣಿಸಿ, ಪ್ರತಿ ಮೀಟರಿನ ಅಂಕಿ ಬರೆಯಿರಿ, ಪಂಪು ಒಂದು ಗಂಟೆಗೆ ಎಷ್ಟು ಡ್ರಮ್ ತುಂಬುತ್ತದೆ ನೋಡಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿಗೆ ಸೇರಿಸಿ. ಅಳತೆ ತೋರಿಸಿದಷ್ಟೇ ಕೇಳಿ. ಟೆಂಡರಿನಲ್ಲಿ ಐದು ವರ್ಷದ ನಿರ್ವಹಣೆ ಬರೆಸಿ. ಕೆಟ್ಟ ದೀಪ ಎಷ್ಟು ದಿನದೊಳಗೆ ಬದಲಾಗಬೇಕೆಂಬುದನ್ನೂ ಬರೆಸಿ. ಕೆಲಸ ಮುಗಿದ ಮೇಲೆ ಹಿಂದಿನ ಬಿಲ್ಲು, ಈಗಿನ ಬಿಲ್ಲು ಎರಡನ್ನೂ ಪಂಚಾಯಿತಿ ಗೋಡೆಯ ಮೇಲೆ ತಿಂಗಳು ತಿಂಗಳು ಬರೆಯಿರಿ. ಉಳಿದ ಹಣ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಕೂಲಿಕಾರ್ಮಿಕಳಿಗೂ ಇರಲಿ. ಅನುಭವ ಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಾವು ಗ್ರಾಮಸಭೆಯ ದಿನ ಮನೆಯಲ್ಲಿ ಕೂರಬಾರದು.

ಕೊನೆಯ ಮಾತು ನಮ್ಮ ಮಠಗಳಿಗೆ. ಸೂರ್ಯ ಘರ್ ಸಹಾಯಧನ ಮನೆಗಳಿಗೆ ಮೀಸಲು, ಮಠದ ಚಾವಣಿಗಲ್ಲ. ಅದನ್ನು ಬೇರೆ ಹೆಸರಿನಲ್ಲಿ ಪಡೆಯುವ ಉಪಾಯ ಹುಡುಕುವುದು ಬೇಡ. ಬದಲಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪ್ರತಿ ಮಠವೂ ತನ್ನ ಪ್ರಸಾದ ನಿಲಯ, ಶಾಲೆ, ಬೋರ್‌ವೆಲ್ಲುಗಳ ವಿದ್ಯುತ್ ಲೆಕ್ಕವನ್ನು ಮೊದಲು ತಾನೇ ತೆಗೆದು ಭಕ್ತರ ಮುಂದಿಡಲಿ. ಲೆಕ್ಕ ತೆಗೆಯುವ ಕೆಲಸವನ್ನು ಮಠದ ವಿದ್ಯಾರ್ಥಿಗಳಿಗೇ ಕಲಿಸಲಿ. ಅವರೇ ನಾಳೆ ತಮ್ಮ ಊರಿನ ಕಂಬ ಎಣಿಸುತ್ತಾರೆ. ನಮ್ಮಂಥ ನಿವೃತ್ತರು ಜೊತೆಗೆ ನಿಲ್ಲುತ್ತೇವೆ. ನಮ್ಮ ಪಾಲಿಗೆ ಉಳಿದಿರುವ ದಾಸೋಹ ಅದೇ.

ನಾಳೆ ಮಧ್ಯಾಹ್ನ ಮನೆಯಿಂದ ಹೊರಬಂದು ನಿಮ್ಮ ಬೀದಿಯ ಕಂಬವನ್ನೊಮ್ಮೆ ನೋಡಿ. ದೀಪ ಉರಿಯುತ್ತಿದ್ದರೆ ಕೆಲಸ ಅಲ್ಲಿಂದಲೇ ಶುರುವಾಗಲಿ.